ಸರ್ಕಾರಿ ಸಾಲಿ ಚಲೋ ಐತೋ ಇಲ್ಲೋ, ನೋಡೋದು ಹೇಗೆ?

ಮಗುವನ್ನು ಸರ್ಕಾರಿ ಶಾಲೆಗೆ ಹಾಕಬೇಕೋ ಬೇಡವೋ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಶಾಲೆ? ಪುಸ್ತಕ ಒಂದೇ, ಇಲಾಖೆ ಒಂದೇ, ಸಂಬಳದ ಪಟ್ಟಿಯೂ ಒಂದೇ. ಆದರೂ ಒಂದೇ ಊರಲ್ಲಿ ಎರಡು ಓಣಿ ಆಚೀಚೆ ಇರುವ ಶಾಲೆಗಳ ನಡುವೆ ಭಾರೀ ವ್ಯತ್ಯಾಸ ಇರುತ್ತದೆ. ಒಂದರಲ್ಲಿ ಮೂರನೇ ತರಗತಿಯ ಹುಡುಗಿ ಪೇಪರಿನ ತಲೆಬರಹ ಓದುತ್ತಾಳೆ, ಇನ್ನೊಂದರಲ್ಲಿ ಐದನೇ ತರಗತಿಯ ಹುಡುಗ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಾನೆ. ಅದಕ್ಕೇ "ಅಲ್ಲೇನ್ ಕಲಸ್ತಾರ್ರೀ, ಊಟಾ ಹಾಕಿ ಮನಿಗೆ ಕಳಸ್ತಾರ" ಅನ್ನುವವರ ಮಾತನ್ನೂ ನಂಬಬೇಡಿ, ಸರ್ಕಾರಿ ಶಾಲೆಯೇ ಶ್ರೇಷ್ಠ ಅಂತ ಭಾಷಣ ಮಾಡುವವರ ಮಾತನ್ನೂ ನಂಬಬೇಡಿ. ಹೋಗಿ ನೋಡಿ.

ಯಾವಾಗ ಹೋಗಬೇಕು ಅನ್ನುವುದೇ ಮೊದಲ ವಿಷಯ. ಮೇ ಕೊನೆಗೆ, ಜೂನ್‌ಗೆ ಹೋದರೆ ನಿಮಗೆ ಕಾಣುವುದು ತಳಿರು ತೋರಣ, ಸಿಹಿ ಊಟ, ಹೂ ಕೊಟ್ಟು ಸ್ವಾಗತಿಸುವ ಶಿಕ್ಷಕರು. ಏಪ್ರಿಲ್‌ನಲ್ಲಿ ಹೋದರೆ ಬರೀ ಕಟ್ಟಡ. ಮುಂದಿನ ವರ್ಷ ಸೇರಿಸುವುದಿದ್ದರೆ ಈ ವರ್ಷದ ನವೆಂಬರ್‌ನಿಂದ ಫೆಬ್ರವರಿ ಒಳಗೆ ಯಾವುದೋ ಒಂದು ಮಂಗಳವಾರವೋ ಬುಧವಾರವೋ ಹೋಗಿ. ಶನಿವಾರ ಬೇಡ, ಅವತ್ತು ಮುಂಜಾನೆ ಶಾಲೆ, ಎಲ್ಲ ಅವಸರ. ಒಮ್ಮೆ ಪ್ರಾರ್ಥನೆಗೆ ಹತ್ತು ನಿಮಿಷ ಮೊದಲು ಗೇಟಿನ ಹತ್ತಿರ ನಿಂತು ನೋಡಿ, ಮಾಸ್ತರು, ಟೀಚರು ಮಕ್ಕಳಿಗಿಂತ ಮೊದಲು ಬರುತ್ತಾರಾ ಅಂತ. ಇನ್ನೊಮ್ಮೆ ಊಟ ಮುಗಿದ ಮೇಲೆ, ಎರಡೂವರೆ ಹೊತ್ತಿಗೆ ಹೋಗಿ. ಬೆಳಗ್ಗೆ ಎಲ್ಲ ಶಾಲೆಯೂ ಶಾಲೆಯಂತೆಯೇ ಕಾಣುತ್ತದೆ. ಮಧ್ಯಾಹ್ನದ ನಂತರವೂ ಪಾಠ ನಡೆಯುತ್ತಿದ್ದರೆ ಅದು ಬೇರೆ ಮಾತು.

ಒಳಗೆ ಹೋಗುವಾಗ ಮುಖ್ಯ ಶಿಕ್ಷಕರನ್ನು ಕೇಳಿಯೇ ಹೋಗಿ. "ಸರ್, ಮಗನ್ನ ಒಂದನೇತ್ತೆಗೆ ಹಚ್ಚಬೇಕಂತ ಮಾಡೇವಿ, ಒಮ್ಮೆ ನೋಡ್ಕೊಂಡ್ ಹೋಗ್ಲೇನ್ರೀ" ಅಂದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಮೊಬೈಲ್ ತೆಗೆದು ವಿಡಿಯೋ ಮಾಡಲು ಮಾತ್ರ ಹೋಗಬೇಡಿ. ಅದನ್ನು ನೋಡಿದ ತಕ್ಷಣ ಇಡೀ ಶಾಲೆ ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ನಿಮಗೆ ಏನೂ ಗೊತ್ತಾಗುವುದಿಲ್ಲ.

ಮೊದಲು ಶಿಕ್ಷಕರ ಲೆಕ್ಕ

"ಎಷ್ಟು ಜನ ಟೀಚರ್ ಇದ್ದಾರೆ" ಅಂತ ಕೇಳಿದರೆ ಸಾಕಾಗುವುದಿಲ್ಲ. ನಾಲ್ಕು ಪ್ರಶ್ನೆ ಕೇಳಿ: ಮಂಜೂರಾದ ಹುದ್ದೆ ಎಷ್ಟು, ಈಗ ಕೆಲಸ ಮಾಡುತ್ತಿರುವವರು ಎಷ್ಟು, ನಿಯೋಜನೆ ಮೇಲೆ ಬೇರೆ ಕಡೆ ಹೋದವರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು. ಹೆಸರು ಇಲ್ಲಿ, ಕೆಲಸ ಇನ್ನೆಲ್ಲೋ ಅನ್ನುವುದು ನಮ್ಮಲ್ಲಿ ಹೊಸದೇನಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು, 200ರವರೆಗೆ ಐವರು ಇರಬೇಕು. ಮಕ್ಕಳು 150ಕ್ಕಿಂತ ಜಾಸ್ತಿ ಇದ್ದರೆ ಮೇಲೊಬ್ಬರು ಮುಖ್ಯ ಶಿಕ್ಷಕರು. ಅಂದರೆ ಸಣ್ಣ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಇದ್ದರೆ ಅದು ಮೋಸವಲ್ಲ, ನಿಯಮವೇ ಹಾಗಿದೆ. ನೀವು ನೋಡಬೇಕಾದದ್ದು ಆ ಇಬ್ಬರಲ್ಲಿ ಒಬ್ಬರು ಸಮೀಕ್ಷೆಗೋ, ಚುನಾವಣೆ ಕೆಲಸಕ್ಕೋ, ಮೀಟಿಂಗಿಗೋ ಹೋದ ದಿನ ಏನಾಗುತ್ತದೆ ಅನ್ನುವುದನ್ನು. ಉಳಿದೊಬ್ಬರು ಎಲ್ಲರನ್ನೂ ಕೂಡಿಸಿ ಏನಾದರೂ ಓದಿಸುತ್ತಾರಾ, ಅಥವಾ ಮಕ್ಕಳು ಇಡೀ ದಿನ ಗ್ರೌಂಡಿನಲ್ಲೇ ಇರುತ್ತಾರಾ? ಇದನ್ನು ಶಾಲೆಯಲ್ಲಿ ಕೇಳುವುದಕ್ಕಿಂತ ಶಾಲೆ ಎದುರಿನ ಅಂಗಡಿಯವರನ್ನು ಕೇಳಿ.

ಅತಿಥಿ ಶಿಕ್ಷಕರಿದ್ದಾರೆ ಅಂದ ಕೂಡಲೇ ಮೂಗು ಮುರಿಯಬೇಡಿ. ಅದೇ ಊರಿನ, ಚೆನ್ನಾಗಿ ಕಲಿಸುವ ಹೆಣ್ಣುಮಕ್ಕಳು ಎಷ್ಟೋ ಶಾಲೆಗಳಲ್ಲಿ ಅತಿಥಿ ಶಿಕ್ಷಕಿಯರಾಗಿದ್ದಾರೆ. ತೊಂದರೆ ಏನೆಂದರೆ ಅವರ ನೇಮಕ ಆ ವರ್ಷಕ್ಕಷ್ಟೇ, ಮುಂದಿನ ವರ್ಷ ಅವರೇ ಇರುತ್ತಾರೆ ಅಂತ ಹೇಳಲಾಗುವುದಿಲ್ಲ. ಹಿರಿಯ ಪ್ರಾಥಮಿಕ ಶಾಲೆಯಾದರೆ ಆರು, ಏಳನೇ ತರಗತಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಯಾರು ಹೇಳಿಕೊಡುತ್ತಾರೆ ಅಂತಲೂ ಕೇಳಿಟ್ಟುಕೊಳ್ಳಿ. ನಿಮ್ಮ ಮಗು ಅಲ್ಲಿಗೂ ಬರುತ್ತದಲ್ವಾ.

ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ನಂಬರ್ (ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಲ್ಲಿ ಆ ಶಾಲೆಯ ಗುರುತಿನ ಸಂಖ್ಯೆ) ಇದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಮಕ್ಕಳು, ಶಿಕ್ಷಕರು, ಕೊಠಡಿ, ಶೌಚಾಲಯದ ಲೆಕ್ಕ ಸಿಗುತ್ತದೆ. ಆದರೆ ಆ ಮಾಹಿತಿ ತುಂಬುವುದು ಶಾಲೆಯವರೇ. ನಲ್ಲಿ ಇದೆ ಅಂತ ಬರೆದಿದ್ದರೆ ಅದರಲ್ಲಿ ನೀರು ಬರುತ್ತದೆ ಅಂತಲ್ಲ. ಮುಖ್ಯ ಶಿಕ್ಷಕರ ಕೋಣೆಯ ಹಲಗೆಯಲ್ಲಿ ತರಗತಿವಾರು ಮಕ್ಕಳ ಸಂಖ್ಯೆ ಬರೆದಿರುತ್ತಾರೆ, ಅದನ್ನೂ ಓದಿ. ಒಟ್ಟು ಸಂಖ್ಯೆ ಕಡಿಮೆಯಾಗಿದ್ದರೆ ಗಾಬರಿ ಬೇಡ, ಖಾಸಗಿ ಶಾಲೆಯ ಹಳದಿ ಬಸ್ಸು ಊರಿಗೆ ಬಂದಿದ್ದೇ ಕಾರಣ ಇರಬಹುದು. ಒಂದನೇ ತರಗತಿಗೆ ಸೇರಿದವರು ಐದನೇ ತರಗತಿವರೆಗೆ ಉಳಿದಿದ್ದಾರಾ, ಅದು ಮುಖ್ಯ. ನಡುವೆ ಟಿಸಿ ತಗೊಂಡು ಹೋದವರು ಬಹಳ ಇದ್ದರೆ ಅವರ ಮನೆಯವರನ್ನೇ ಹುಡುಕಿ ಕೇಳಿ.

ಮಕ್ಕಳು ಓದುತ್ತಾರಾ?

ನನ್ನ ಮಟ್ಟಿಗೆ ಇದೇ ಅಸಲಿ ಪರೀಕ್ಷೆ. ಉಳಿದದ್ದೆಲ್ಲ ಇದರ ನಂತರ.

ಊಟದ ಬಿಡುವಿನಲ್ಲಿ ಕಟ್ಟೆ ಮೇಲೆ ಕೂತು, ಮುಖ್ಯ ಶಿಕ್ಷಕರಿಗೆ ಹೇಳಿ, ಮೂರು ಅಥವಾ ನಾಲ್ಕನೇ ತರಗತಿಯ ನಾಲ್ಕೈದು ಮಕ್ಕಳ ಜೊತೆ ಮಾತಾಡಿ. ಅವರು ಕರೆದು ಮುಂದೆ ನಿಲ್ಲಿಸುವ ಹುಡುಗಿ ಬೇಡ, ಆಕೆ ಪ್ರತಿಭಾ ಕಾರಂಜಿಯಲ್ಲಿ ಭಾಷಣ ಮಾಡಿ ಬಂದವಳು. ಹಿಂದೆ ನಿಂತು ಇಣುಕುವ ಮಕ್ಕಳನ್ನು ಕರೆಯಿರಿ. ಎರಡನೇ ತರಗತಿಯ ಕನ್ನಡ ಪುಸ್ತಕದ ನಡುವಿನ ಒಂದು ಪುಟ ಕೊಡಿ, ಅದಕ್ಕಿಂತ ಒಳ್ಳೆಯದು ಅವರು ನೋಡಿರದ ಒಂದು ಸಣ್ಣ ಕಥೆ. ಕಲಿತ ಪಾಠವನ್ನು ಬಾಯಿಪಾಠ ಒಪ್ಪಿಸುವುದರಲ್ಲಿ ನಮ್ಮ ಮಕ್ಕಳು ಬಲು ಜಾಣರು, ಪುಸ್ತಕ ತಲೆಕೆಳಗೆ ಹಿಡಿದರೂ ಓದುತ್ತಾರೆ.

ಸರಳ ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಕನ್ನಡ ಓದು ಏರುವುದು ಈ ಮೆಟ್ಟಿಲಲ್ಲೇ. ಎರಡನೇ ತರಗತಿ ಮಗು 'ಪುಸ್ತಕ', 'ಕಣ್ಣು' ಅನ್ನುವಲ್ಲಿ ತಡವರಿಸಿದರೆ ಸಹಜ. ನಾಲ್ಕನೇ ತರಗತಿಯ ಐದು ಮಕ್ಕಳಲ್ಲಿ ಮೂವರು ಅಲ್ಲೇ ನಿಂತರೆ ಆ ಶಾಲೆಯಲ್ಲಿ ಏನೋ ಕೆಟ್ಟಿದೆ. ಓದಿದ ಮೇಲೆ "ಕಥಿಯೊಳಗ ಏನಾತಪಾ?" ಅಂತ ಕೇಳಿ. ಉತ್ತರ ಅವರ ಮನೆ ಮಾತಿನಲ್ಲೇ ಬರಲಿ. ಪುಸ್ತಕದ ಕನ್ನಡದಲ್ಲೇ ಹೇಳು ಅಂತ ಪಕ್ಕದಲ್ಲಿ ನಿಂತ ಶಿಕ್ಷಕರು ಗದರಿದರೆ ಅದನ್ನೂ ಗಮನಿಸಿ, ಲಂಬಾಣಿಯೋ ಉರ್ದುವೋ ಮಾತಾಡುವ ಮನೆಯ ಮಗು ಆ ಗದರಿಕೆಗೇ ಬಾಯಿ ಮುಚ್ಚಿಬಿಡುತ್ತದೆ.

ಲೆಕ್ಕಕ್ಕೆ ಪಾಟಿ ಮೇಲೆ 52ರಲ್ಲಿ 17 ಕಳೆಯಲು ಹೇಳಿ. ಆಮೇಲೆ ಬಾಯಿ ಲೆಕ್ಕ ಕೇಳಿ: 50 ರೂಪಾಯಿ ಕೊಟ್ಟು 32 ರೂಪಾಯಿಯ ಗಿರ್ಮಿಟ್, ಮಿರ್ಚಿ ತಗೊಂಡರೆ ಎಷ್ಟು ವಾಪಸ್ ಬರಬೇಕು? ಬಾಯಿ ಲೆಕ್ಕ ಪಟಕ್ಕನೆ ಹೇಳಿ ಪಾಟಿ ಮೇಲೆ ತಪ್ಪಿದರೆ ಮಗು ದಡ್ಡ ಅಲ್ಲ. ಸಂತೆಯಲ್ಲಿ ಕಲಿತದ್ದನ್ನು ಹಲಗೆಯ ಲೆಕ್ಕಕ್ಕೆ ಜೋಡಿಸಿ ತೋರಿಸುವವರು ಇಲ್ಲ ಅಂತ ಅರ್ಥ. ಗಣಿತ ಕಲಿಕಾ ಆಂದೋಲನದ ಕಿಟ್, ಅಂದರೆ ಲೆಕ್ಕ ಕಲಿಸುವ ಸಾಮಾನಿನ ಡಬ್ಬಿ, ಎಲ್ಲಿದೆ ಅಂತ ಕೇಳಿ ನೋಡಿ. ಡಬ್ಬಿ ತೆರೆದು ಮಣಿ, ಪಟ್ಟಿ ಮಕ್ಕಳ ಕೈಯಲ್ಲಿ ಇದ್ದರೆ ಸರಿ, ಕಪಾಟಿನ ಕೀಲಿ ಹುಡುಕಲು ಶುರು ಮಾಡಿದರೆ ಉತ್ತರ ಸಿಕ್ಕಿತು.

ಇದು ಅತಿಯಾಯಿತು ಅಂತ ಯಾರಾದರೂ ಅಂದರೆ, ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಅನ್ನುವುದು 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಯಕ್ರಮ ನಿಪುಣ್ ಭಾರತ್‌ನ ಗುರಿ. ನೀವು ಹೆಚ್ಚಿಗೆ ಏನೂ ಕೇಳುತ್ತಿಲ್ಲ.

ನಲಿ–ಕಲಿ (ಸಣ್ಣ ತರಗತಿಗಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಕೋಣೆ ನೋಡಿ ಅನೇಕ ಪಾಲಕರು ಹೆದರುತ್ತಾರೆ. ಬೇರೆ ಬೇರೆ ತರಗತಿ ಮಕ್ಕಳು ಒಟ್ಟಿಗೆ, ನೆಲದ ಮೇಲೆ ಗುಂಪು ಗುಂಪಾಗಿ, ಗದ್ದಲ ಬೇರೆ. ಗದ್ದಲ ಇರುವುದೇ ಸರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ (ಕಲಿಯಬೇಕಾದ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಪಟ) ಏರುತ್ತದೆ. ಹಾಗಾಗಿ ಒಂದು ಮಗುವನ್ನು "ನೀ ಎಲ್ಲಿ ಅದೀ, ತೋರಸು" ಅಂತ ಕೇಳಿ. ಥಟ್ಟನೆ ಏಣಿಯ ಮೇಲೆ ಬೆರಳಿಟ್ಟು ತೋರಿಸಿದರೆ ಅಲ್ಲಿ ನಲಿ–ಕಲಿ ನಿಜವಾಗಿ ನಡೆಯುತ್ತಿದೆ. ಕಾರ್ಡುಗಳು ಮಾಸಿರಬೇಕು, ಮೂಲೆ ಮಡಚಿರಬೇಕು. ಮಕ್ಕಳ ಎತ್ತರದ ಗೋಡೆ ಹಲಗೆಯಲ್ಲಿ ಇವತ್ತಿನ ಸೀಮೆಸುಣ್ಣ ಇರಬೇಕು. ಮೇಲೆ ಕಟ್ಟಿದ ಚಪ್ಪರದಲ್ಲಿ ತೂಗುವ ಚಿತ್ರಗಳು ಧೂಳು ಹಿಡಿದಿದ್ದರೆ ಅವು ಯಾವುದೋ ತಪಾಸಣೆಗೆ ಕಟ್ಟಿದವು.

ಇನ್ನೊಂದು: ನಾಲ್ಕನೇ ತರಗತಿಯ ಮೂವರ ನೋಟ್‌ಬುಕ್ ಅಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಅದೇ ಉತ್ತರ ಇದ್ದರೆ ಹಲಗೆ ನೋಡಿ ಇಳಿಸಿಕೊಂಡದ್ದು. ಬೇರೆ ಬೇರೆ ವಾಕ್ಯ, ಬೇರೆ ಬೇರೆ ತಪ್ಪು, ಆ ತಪ್ಪಿನ ಮೇಲೆ ಕೆಂಪು ಶಾಯಿಯ ತಿದ್ದುಪಡಿ ಇದ್ದರೆ ಖುಷಿಪಡಿ. ಬರೀ ಒಂದು ರೈಟ್ ಗುರುತು, ಕೆಳಗೆ ಸಹಿ ಇದ್ದರೆ ಅದನ್ನು ತಿದ್ದಿದ್ದು ಅನ್ನಲಾಗದು.

ಊಟ, ನೀರು, ಗೋಡೆ

ಬಿಸಿಯೂಟ ಇದೆ ಅಂತ ಶಾಲೆಯನ್ನು ಹೀಯಾಳಿಸುವವರ ಮಾತು ಬಿಡಿ, ಊಟವನ್ನು ಹೇಗೆ ಕೊಡುತ್ತಾರೆ ಅನ್ನುವುದರಲ್ಲಿ ಶಾಲೆಯ ಗುಣ ಗೊತ್ತಾಗುತ್ತದೆ. ಹುಬ್ಬಳ್ಳಿ–ಧಾರವಾಡ ಊರೊಳಗಿನ ಶಾಲೆಗಳಿಗೆ ಹುಬ್ಬಳ್ಳಿಯ ಅಕ್ಷಯ ಪಾತ್ರದ ದೊಡ್ಡ ಅಡುಗೆಮನೆಯಿಂದ ವಾಹನದಲ್ಲಿ ಊಟ ಬರುತ್ತದೆ. ಅಲ್ಲಿ ನೋಡಬೇಕಾದದ್ದು ಊಟ ಎಷ್ಟು ಹೊತ್ತಿಗೆ ಬರುತ್ತದೆ, ಬಿಸಿ ಇದೆಯಾ, ಎಷ್ಟು ಚೆಲ್ಲುತ್ತಾರೆ ಅನ್ನುವುದು. ಹೆಚ್ಚಿನ ಹಳ್ಳಿಗಳಲ್ಲಿ ಶಾಲೆಯಲ್ಲೇ ಅಡುಗೆ, ಅಲ್ಲಿ ಅಡುಗೆಕೋಣೆ, ಬೇಳೆ, ನೀರು ನೋಡಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅಂತ ನಿಯಮವೇ ಇದೆ, ನೋಡುತ್ತಾರಾ? ತತ್ತಿ ಕೊಡುವ ದಿನ ತತ್ತಿ ಬೇಡ ಅನ್ನುವ ಮಗುವಿಗೆ ಬಾಳೆಹಣ್ಣು ಸಿಗುತ್ತದಾ? ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂರುತ್ತಾರಾ, ಅಥವಾ ಯಾವುದೋ ಕೇರಿಯ ಮಕ್ಕಳು ಮಾತ್ರ ಮೂಲೆಯಲ್ಲಿ ಇದ್ದಾರಾ? ಹಾಗೆ ಮೂಲೆಯಲ್ಲಿ ಕೂರಿಸಿದ್ದು ಕಂಡರೆ ಆ ಶಾಲೆ ಬೇಡ, ಮುಂದಿನದು ನೋಡುವ ಅಗತ್ಯವೇ ಇಲ್ಲ.

ಶೌಚಾಲಯ ಇದೆಯಾ ಅಂತ ಕೇಳಬೇಡಿ, ಕೀಲಿ ಯಾರ ಹತ್ತಿರ ಇರುತ್ತದೆ ಅಂತ ಕೇಳಿ. ಹುಬ್ಬಳ್ಳಿ–ಧಾರವಾಡದ ಎಷ್ಟೋ ಓಣಿಗಳಿಗೆ ನಳದ ನೀರು ದಿನಾ ಬರುವುದಿಲ್ಲ, ಆದ್ದರಿಂದ ಶಾಲೆಗೆ ದೊಡ್ಡ ಟಾಕಿ ಇಲ್ಲದಿದ್ದರೆ ವಾರದ ಕೊನೆಗೆ ಶೌಚಾಲಯಕ್ಕೆ ನೀರೇ ಇರದು. ಗದಗ ಜಿಲ್ಲೆಯ ಮುಂಡರಗಿ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು, ಅಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಶುದ್ಧೀಕರಣ ಘಟಕ ನಡೆಯುತ್ತಿದೆಯಾ ಅಂತ ನೋಡಲೇಬೇಕು. ಹಾನಗಲ್ ಕಡೆ ಮಳೆ ಜಾಸ್ತಿ, ಹಂಚಿನ ಮಾಡು ಸೋರುತ್ತದಾ ನೋಡಿ. ಎರಿ (ಕಪ್ಪು ಮಣ್ಣಿನ) ಭೂಮಿಯ ಮೇಲೆ ಕಟ್ಟಿದ ಗೋಡೆ ಬಿರುಕು ಬಿಡುವುದು ನಮ್ಮ ಕಡೆ ಸಾಮಾನ್ಯ. ಸಣ್ಣ ಗೆರೆಗೆ ತಲೆ ಕೆಡಿಸಿಕೊಳ್ಳಬೇಡಿ, ಕೈ ಹೋಗುವಷ್ಟು ಬಿರುಕು ಇದ್ದರೆ ಅಥವಾ ಮೇಲ್ಛಾವಣಿಯ ಕಬ್ಬಿಣ ಕಾಣುತ್ತಿದ್ದರೆ ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸುತ್ತಾರಾ ಅಂತ ಕೇಳಿ. ಗೋಡೆಗೆ ರೈಲಿನ ಚಿತ್ರ ಬರೆದಿದ್ದಾರೆ ಅಂತ ಮಾರುಹೋಗಬೇಡಿ. ಚೆಂದ ಇರುತ್ತದೆ, ಅಷ್ಟೇ. ಶಾಲೆಗೆ ಹೋಗುವ ದಾರಿಯೂ ಲೆಕ್ಕಕ್ಕೆ ಬರಬೇಕು, ಆರು ವರ್ಷದ ಮಗು ದಿನಾ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಂಥ ದೊಡ್ಡ ರಸ್ತೆ ದಾಟಬೇಕಾದರೆ ಎಷ್ಟು ಒಳ್ಳೆಯ ಶಾಲೆಯಾದರೂ ಎರಡು ಸಲ ಯೋಚಿಸಿ.

ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆ ಅನ್ನುವ ಫಲಕಕ್ಕೂ ಬೆಲೆ ಕೊಡಬೇಡಿ. ಅದನ್ನು ಯಾರು ಕಲಿಸುತ್ತಾರೆ, ಅವರಿಗೆ ತರಬೇತಿ ಆಗಿದೆಯಾ, ಎರಡನೇ ತರಗತಿ ಮಗು ಇಂಗ್ಲಿಷ್‌ನಲ್ಲಿ ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಡುತ್ತದಾ ಅಥವಾ ಬರೀ ರೈಮ್ಸ್ ಹಾಡುತ್ತದಾ, ಇಷ್ಟು ನೋಡಿದರೆ ಸಾಕು.

ಮುಖ್ಯ ಶಿಕ್ಷಕರಿಗೆ ಕೇಳುವ ಪ್ರಶ್ನೆ

ಕೊನೆಗೆ ಮುಖ್ಯ ಶಿಕ್ಷಕರ ಹತ್ತಿರ ಕೂತು ಒಂದೇ ವಿಷಯ ಕೇಳಿ: "ಓದಾಕ ಬರದ ಹುಡುಗರಿಗೆ ಏನ್ ಮಾಡ್ತೀರಿ, ಸರ್?" ಎರಡು ತರಹದ ಉತ್ತರ ಬರುತ್ತದೆ. ಒಬ್ಬರು, "ಮನಿಯೊಳಗ ಯಾರೂ ಓದಸಂಗಿಲ್ರೀ, ನಾವೇನ್ ಮಾಡೋದು" ಅನ್ನುತ್ತಾರೆ. ಇನ್ನೊಬ್ಬರು ಹೆಸರು ಹಿಡಿದು ಹೇಳುತ್ತಾರೆ, ಇಂಥವನು ದೀಪಾವಳಿ ಆದ ಮೇಲೆ ಅಪ್ಪ ಅವ್ವನ ಜೊತೆ ಗುಳೆ ಹೋಗಿದ್ದ, ಇಂಥವಳು ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ತಪ್ಪಿಸಿಕೊಳ್ಳುತ್ತಾಳೆ, ಅವರಿಗೆ ಮಧ್ಯಾಹ್ನ ಮೇಲೆ ಅರ್ಧ ತಾಸು ಬೇರೆ ಕೂಡಿಸುತ್ತೇವೆ ಅಂತ. ಬ್ಯಾಡಗಿ ಸುತ್ತಲಿನ ಹಳ್ಳಿಗಳಲ್ಲಿ, ಗದಗದ ತಾಂಡಾಗಳಲ್ಲಿ ಈ ಪ್ರಶ್ನೆ ಕೇಳದೆ ಬರಬೇಡಿ. ಇಂಥ ಮುಖ್ಯ ಶಿಕ್ಷಕರು ಸಿಕ್ಕರೆ ಕಟ್ಟಡ ಹಳೆಯದಾಗಿದ್ದರೂ ನಾನು ಅಲ್ಲೇ ಹೆಸರು ಹಚ್ಚುತ್ತೇನೆ.

ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಗ್ಗೆಯೂ ಕೇಳಿ. ಸಮಿತಿಯ ಸಭೆ ಕೊನೆಗೆ ಯಾವಾಗ ಆಯಿತು, ನಡಾವಳಿ ಪುಸ್ತಕದಲ್ಲಿ ಏನು ಬರೆದಿದೆ? ಸಹಿ ಮಾತ್ರ ಇದ್ದು ವಿಷಯ ಇಲ್ಲದಿದ್ದರೆ ಸಭೆ ಆಗಿಲ್ಲ, ಸಹಿಗಾಗಿ ಪುಸ್ತಕ ಮನೆ ಮನೆಗೆ ತಿರುಗಿ ಬಂದಿದೆ. ಅಧ್ಯಕ್ಷರ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಾರಾ ಅಂತ ಬೇರೆ ಪಾಲಕರನ್ನು ಸುಮ್ನೆ ಕೇಳಿ ನೋಡಿ, ಮುಖ ನೋಡಿದರೇ ತಿಳಿಯುತ್ತದೆ.

ಎಲ್ಲವೂ ಸರಿ ಇರುವ ಶಾಲೆ ಸಿಗುವುದಿಲ್ಲ. ಸೋರುವ ಮಾಡು, ಕೆಟ್ಟ ನಳ, ಇಲ್ಲದ ಕಾಂಪೌಂಡು ಇವೆಲ್ಲ ಎಸ್‌ಡಿಎಂಸಿಯಲ್ಲಿ ನಾಲ್ಕು ಜನ ಗಟ್ಟಿ ಕೂತರೆ ಸರಿ ಹೋಗುವಂಥವು, ಆ ನಾಲ್ಕರಲ್ಲಿ ನೀವೂ ಒಬ್ಬರಾಗಬಹುದು. ಶಿಕ್ಷಕರ ಹುದ್ದೆ ಖಾಲಿ ಇದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಬೆನ್ನು ಹತ್ತಬೇಕು, ತಡವಾಗುತ್ತದೆ. ಆದರೆ ನಾಲ್ಕನೇ ತರಗತಿ ಮಕ್ಕಳು ಓದುತ್ತಿಲ್ಲ, ಮುಖ್ಯ ಶಿಕ್ಷಕರು ತಪ್ಪನ್ನು ಮನೆಯವರ ಮೇಲೆ ಹಾಕುತ್ತಾರೆ ಅಂದರೆ ಪಕ್ಕದ ಶಾಲೆ ನೋಡಿ. ಅದು ನಿಮ್ಮ ಮಗು ಇರುವಷ್ಟರಲ್ಲಿ ಸರಿಯಾಗುವುದು ಕಷ್ಟ.

ಸೇರಿಸಿದ ಮೇಲೂ ಬಿಡಬೇಡಿ. ವರ್ಗಾವಣೆಯಲ್ಲಿ ಒಬ್ಬ ಒಳ್ಳೆಯ ಟೀಚರ್ ಹೋದರೆ ಶಾಲೆಯೇ ಬದಲಾಗುತ್ತದೆ. ಪ್ರತಿ ವರ್ಷ ವರ್ಗಾವಣೆ ಮುಗಿದ ಮೇಲೆ ಒಂದು ಸಲ ಹೋಗಿ ಯಾರು ಬಂದರು, ಯಾರು ಹೋದರು, ನಿಮ್ಮ ಮಗುವಿನ ತರಗತಿ ಈಗ ಯಾರ ಕೈಯಲ್ಲಿದೆ ಅಂತ ಕೇಳಿಕೊಂಡು ಬನ್ನಿ, ಬರುವಾಗ ಮಗುವಿನ ನೋಟ್‌ಬುಕ್ ಒಂದನ್ನು ತೆರೆದು ನೋಡಿ.