ಬಿಚ್ಚಿ ಕಟ್ಟಿದ ಎಂಜಿನ್: ಕೀ ತಿರುಗಿಸುವ ಮುಂಚೆ ಆಯಿಲ್ ಏರಿಸಿದ್ದು ಹೀಗೆ

ಬಿಚ್ಚಿ ಮತ್ತೆ ಜೋಡಿಸಿದ ಎಂಜಿನ್‌ನಲ್ಲಿ ಆಯಿಲ್ ಇರುವುದು ಒಂದೇ ಕಡೆ, ಕೆಳಗಿನ ಆಯಿಲ್ ಚೇಂಬರ್‌ನಲ್ಲಿ. ಪಂಪ್ ಒಣಗಿರುತ್ತದೆ. ಫಿಲ್ಟರ್ ಖಾಲಿ. ಬ್ಲಾಕ್ (ಎಂಜಿನ್‌ನ ಮುಖ್ಯ ಮೈ) ಒಳಗೆ ಕೊರೆದಿರುವ ಆಯಿಲ್ ದಾರಿಗಳಲ್ಲೂ ಗಾಳಿಯೇ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ಗೂ ಅದನ್ನು ಹಿಡಿದಿರುವ ಬೇರಿಂಗ್‌ಗೂ ನಡುವೆ ಇರುವ ಸಂದು ಎಷ್ಟು ಗೊತ್ತಾ? 50 ಮಿ.ಮೀ. ದಪ್ಪದ ಜರ್ನಲ್‌ಗೆ (ಬೇರಿಂಗ್ ಒಳಗೆ ಕೂರುವ ಕ್ರ್ಯಾಂಕ್ ಭಾಗ) ಸುಮಾರು 0.05 ಮಿ.ಮೀ. ಎಂಜಿನ್ ಓಡುವಾಗ ಆ ಸಂದಿನಲ್ಲಿ ಆಯಿಲ್ ಪದರ ನಿಂತು ಕ್ರ್ಯಾಂಕನ್ನು ತೇಲಿಸುತ್ತದೆ. ಮೊದಲ ಸಲ ತಿರುಗುವಾಗ ಆ ಪದರ ಇನ್ನೂ ಬಂದಿರುವುದಿಲ್ಲ. ಜೋಡಿಸುವಾಗ ನಾವು ಬಳಿದ ಅಸೆಂಬ್ಲಿ ಲ್ಯೂಬ್ ಮಾತ್ರ ಕಾಪಾಡಬೇಕು. ಅದು ಎಷ್ಟು ಹೊತ್ತು ತಡೆಯುತ್ತದೆ ಅಂತ ಪರೀಕ್ಷೆ ಮಾಡುವ ಆಸೆ ನನಗಿರಲಿಲ್ಲ.

"ಸುಮ್ನೆ ಸೆಲ್ಫ್ ಹೊಡೀತಾ ಇರು, ಆಯಿಲ್ ಲೈಟ್ ಆರಿದರೆ ಸ್ಟಾರ್ಟ್ ಮಾಡು" ಅನ್ನುವವರು ಬಹಳ ಜನ. ಹಾಗೆ ಮಾಡಿದ ಎಷ್ಟೋ ಎಂಜಿನ್‌ಗಳು ಚೆನ್ನಾಗಿಯೇ ಓಡುತ್ತಿವೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಲೈಟ್ ಸಾಮಾನ್ಯವಾಗಿ 0.3ರಿಂದ 0.5 ಬಾರ್ ಒತ್ತಡಕ್ಕೇ ಆರಿಹೋಗುತ್ತದೆ. ಅದರ ಸ್ವಿಚ್ ಇರುವುದೂ ಹೆಚ್ಚಾಗಿ ಫಿಲ್ಟರ್ ಹತ್ತಿರ. ಅಲ್ಲಿಗೆ ಆಯಿಲ್ ಬಂತು ಅಂದರೆ ಬ್ಲಾಕ್ ಮೇಲೆ ಕೂರುವ ಹೆಡ್‌ನ ಕೊನೆಯಲ್ಲಿರುವ, ವಾಲ್ವ್ ತೆರೆಸುವ ಶಾಫ್ಟ್ ಆದ ಕ್ಯಾಮ್‌ನ ಬೇರಿಂಗ್‌ಗೂ ಬಂತು ಅಂತ ಅಲ್ಲ. ಕೊನೆಯ ರಾಕರ್ (ವಾಲ್ವನ್ನು ಒತ್ತುವ ಸನ್ನೆ) ಹತ್ತಿರ ಆಯಿಲ್ ಜಿನುಗುವುದನ್ನು ಕಣ್ಣಾರೆ ನೋಡಬೇಕು ಅಂತ ನಾನು ಮೊದಲೇ ತೀರ್ಮಾನಿಸಿದ್ದೆ.

ಯಾವ ವಿಧಾನ ಅನ್ನುವುದು ಪಂಪನ್ನು ಯಾವುದು ತಿರುಗಿಸುತ್ತದೆ ಅನ್ನುವುದರ ಮೇಲಿದೆ. ಹಳೆಯ ಎಷ್ಟೋ ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಶಾಫ್ಟ್‌ನ ಕೆಳತುದಿಯೇ ಪಂಪನ್ನು ಓಡಿಸುತ್ತದೆ. ಅಂಥದ್ದು ಸಿಕ್ಕಿದರೆ ಅದೃಷ್ಟ. ಡಿಸ್ಟ್ರಿಬ್ಯೂಟರ್ ಹೊರಗೆ ತೆಗೆದು, ಆ ತೂತಿನಲ್ಲಿ ಒಂದು ಉದ್ದ ಶಾಫ್ಟ್ ಇಳಿಸಿ, ಡ್ರಿಲ್ ಮಷಿನ್‌ನಿಂದ ಪಂಪನ್ನು ತಿರುಗಿಸಬಹುದು. ಡಿಸ್ಟ್ರಿಬ್ಯೂಟರ್ ರೋಟರ್ ಯಾವ ಕಡೆ ತಿರುಗುತ್ತದೋ ಆ ಕಡೆಗೇ. ಮೊದಲು ಡ್ರಿಲ್ ಹಗುರವಾಗಿ ಓಡುತ್ತದೆ. ಪಂಪ್ ಆಯಿಲ್ ಹಿಡಿದ ಕ್ಷಣ ಅದರ ಸದ್ದು ಇಳಿದು ಕೈ ತಿರುಚುವ ಹಾಗೆ ಎಳೆಯುತ್ತದೆ. ಆದ್ದರಿಂದ ಎರಡೂ ಕೈಯಲ್ಲಿ ಹಿಡಿಯಬೇಕು. ಷೆವರ್ಲೆ ಸ್ಮಾಲ್ ಬ್ಲಾಕ್ ವಿ8 ತರಹದ ಎಂಜಿನ್‌ನಲ್ಲಿ ಬರೀ ಸರಳು ಸಾಲದು. ಅಲ್ಲಿ ಡಿಸ್ಟ್ರಿಬ್ಯೂಟರ್ ಮೈಯೇ ಒಂದು ಆಯಿಲ್ ದಾರಿಗೆ ಗೋಡೆಯಾಗಿ ನಿಂತಿರುತ್ತದೆ. ಅದನ್ನು ತೆಗೆದರೆ ಆಯಿಲ್ ಮೇಲಕ್ಕೆ ಹೋಗದೆ ಆ ತೂತಿನಲ್ಲೇ ಸೋರುತ್ತದೆ. ಅದಕ್ಕೆ ಆ ಗೋಡೆಯ ಜಾಗದಲ್ಲಿ ನಿಲ್ಲುವ ಸ್ಲೀವ್ (ಕೊಳವೆಯಂಥ ಹೊದಿಕೆ) ಇರುವ ಟೂಲ್ ಬೇಕು.

ನನ್ನ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಪಂಪ್ ಕೂತಿರುವುದು ಕ್ರ್ಯಾಂಕ್‌ನ ಮುಂದಿನ ಮೂತಿಯ ಮೇಲೆ. ಈಗಿನ ಬಹಳಷ್ಟು ಕಾರುಗಳದ್ದೂ ಹೀಗೆಯೇ. ಇಲ್ಲಿ ಕ್ರ್ಯಾಂಕ್ ತಿರುಗದೆ ಪಂಪ್ ತಿರುಗುವುದಿಲ್ಲ, ಡ್ರಿಲ್‌ಗೆ ಕೆಲಸವೇ ಇಲ್ಲ. ಜೊತೆಗೆ ಪಂಪ್ ಆಯಿಲ್ ಮಟ್ಟಕ್ಕಿಂತ ಸಾಕಷ್ಟು ಮೇಲಿರುತ್ತದೆ. ಪಂಪ್ ಒಳಗೆ ತಿರುಗುವ ಒಣ ರೋಟರ್‌ಗಳ ಸಂದಿನಲ್ಲಿ ಗಾಳಿ ನುಸುಳುತ್ತಾ ಇದ್ದರೆ ಅದು ಕೆಳಗಿನಿಂದ ಆಯಿಲ್ ಎಳೆಯುವುದು ಕಷ್ಟ. ಅದಕ್ಕೇ ಪಂಪ್ ಜೋಡಿಸುವಾಗ ರೋಟರ್‌ಗಳ ಮಧ್ಯೆ ಪೆಟ್ರೋಲಿಯಂ ಜೆಲ್ಲಿ ತುಂಬಿ ಮುಚ್ಚಳ ಹಾಕಿದ್ದೆ. ಅದು ಸಂದು ಮುಚ್ಚುತ್ತದೆ, ಬಿಸಿಯಾದಾಗ ಕರಗಿ ಆಯಿಲ್ ಜೊತೆ ಸೇರಿಹೋಗುತ್ತದೆ. ಗ್ರೀಸ್ ಮಾತ್ರ ಬೇಡ. ಅದು ಹಾಗೆ ಕರಗುವುದಿಲ್ಲ, ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು.

ಇನ್ನು ಉಳಿದ ದಾರಿ ಅಂದರೆ ಹೊರಗಿನಿಂದ ಒತ್ತಡ ಕೊಟ್ಟು ಆಯಿಲ್ ನುಗ್ಗಿಸುವುದು. ಅದಕ್ಕೆಂದೇ ಮಾಡಿದ ಟ್ಯಾಂಕ್ ಸಿಗುತ್ತದೆ. ನಾನು ಕೈಯಿಂದ ಗಾಳಿ ಹೊಡೆಯುವ ಗಿಡದ ಸ್ಪ್ರೇಯರ್ ಬಳಸಿದೆ. ಹೊಸದು, ಒಳಗೆ ಯಾವ ಔಷಧಿಯೂ ಬಿದ್ದಿರಲಿಲ್ಲ. ನಾಝಲ್ ಮತ್ತು ಅದರ ಸಣ್ಣ ಜಾಲರಿ ಕಿತ್ತು, ಮಧ್ಯದಲ್ಲಿ ಒಂದು ವಾಲ್ವ್ ಇಟ್ಟು, ಪಾರದರ್ಶಕ ಪೈಪ್ ಹಾಕಿದೆ. ಪೈಪ್‌ನಲ್ಲಿ ಗಾಳಿಗುಳ್ಳೆ ಹೋಗುತ್ತಿದೆಯಾ, ಬರೀ ಆಯಿಲಾ ಅಂತ ಕಾಣಬೇಕು. ಒತ್ತಡ 2 ಬಾರ್ ಸುತ್ತಮುತ್ತ ಇದ್ದರೆ ಸಾಕು. ಟ್ಯಾಂಕ್ ಮೇಲೆ ಬರೆದಿರುವ ಮಿತಿ ದಾಟಬಾರದು, ಕಂಪ್ರೆಸರ್ ಜೋಡಿಸುವ ಸಾಹಸ ಅಂತೂ ಬೇಡವೇ ಬೇಡ. ತಣ್ಣಗಿನ ಆಯಿಲ್ ಈ ಪೈಪ್‌ನಲ್ಲಿ ಆಮೆ ವೇಗದಲ್ಲಿ ಹೋಗುತ್ತದೆ. ಹಾಗಾಗಿ ಆಯಿಲ್ ಕ್ಯಾನನ್ನು ಮೊದಲೇ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ನಿಲ್ಲಿಸಿದ್ದೆ.

ಪೈಪ್‌ನ ಇನ್ನೊಂದು ತುದಿ ಹೋಗುವುದು ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿದ ತೂತಿಗೆ. ಇಲ್ಲಿ ಥ್ರೆಡ್ ವಿಷಯದಲ್ಲಿ ಎಚ್ಚರ ಬೇಕು. ಜಪಾನಿ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 1/8 ಬಿಎಸ್‌ಪಿ ಟೇಪರ್ (ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್) ಇರುತ್ತದೆ, ಇಂಚಿಗೆ 28 ಸುತ್ತು. ಅಮೆರಿಕದ್ದು 1/8 ಎನ್‌ಪಿಟಿ (ಅಲ್ಲಿನ ಪೈಪ್ ಥ್ರೆಡ್), ಇಂಚಿಗೆ 27. ನೋಡಲು ಎರಡೂ ಒಂದೇ. ತಪ್ಪಾದದ್ದೂ ಮೊದಲೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿ ಹಿಡಿಯುತ್ತದೆ. ಅಲ್ಲಿ ಸ್ಪ್ಯಾನರ್ ಒತ್ತಿದರೆ ತೂತಿನ ಥ್ರೆಡ್ ಕೆಡುತ್ತದೆ. ನಾನು ಬಿಚ್ಚಿದ ಸ್ವಿಚ್ಚನ್ನೇ ಪಕ್ಕದಲ್ಲಿಟ್ಟು ಥ್ರೆಡ್‌ಗೆ ಥ್ರೆಡ್ ಹೊಂದಿಸಿ ನೋಡಿ ಫಿಟ್ಟಿಂಗ್ ಆರಿಸಿದೆ. ಸೋರದಂತೆ ಟೇಪ್ ಸುತ್ತುವಾಗ ತುದಿಯ ಒಂದು ಸುತ್ತು ಬಿಟ್ಟೆ. ಟೇಪ್ ಚೂರು ಒಳಗೆ ಹೋಗಿ ಬೇರಿಂಗ್ ಬಾಯಿಗೆ ಕೂರುವುದು ಯಾರಿಗೆ ಬೇಕು?

ಸ್ಪಾರ್ಕ್ ಪ್ಲಗ್ ಎಲ್ಲ ಹೊರಗೆ, ವಾಲ್ವ್ ಕವರ್ ಹೊರಗೆ, ಫಿಲ್ಟರ್ ತುಂಬಿಸಿ ಕೂರಿಸಿದ್ದಾಯಿತು. ಚೇಂಬರ್‌ಗೆ ಆಯಿಲ್ ಬೇಕೆಂದೇ ಕಡಿಮೆ ಹಾಕಿದ್ದೆ. ಟ್ಯಾಂಕ್‌ನಿಂದ ನುಗ್ಗಿಸಿದ್ದೆಲ್ಲ ಕೊನೆಗೆ ಅಲ್ಲಿಗೇ ಇಳಿಯುತ್ತದೆ, ಅಲ್ವಾ? ವಾಲ್ವ್ ತೆರೆದಾಗ ಮೊದಲು ಒಳಗೆ ಗಾಳಿಯ ಬುಸ್ ಸದ್ದು, ಆಮೇಲೆ ಚೇಂಬರ್‌ಗೆ ಆಯಿಲ್ ತೊಟ್ಟಿಕ್ಕುವ ಸದ್ದು ಕೇಳಿಸಿತು. ಅಂದರೆ ಮೇನ್ ಬೇರಿಂಗ್‌ಗಳಿಗೆ (ಕ್ರ್ಯಾಂಕನ್ನು ಬ್ಲಾಕ್‌ನಲ್ಲಿ ಹಿಡಿದಿರುವವು) ಮುಟ್ಟಿತು. ಈಗ ಕ್ರ್ಯಾಂಕ್ ಬೋಲ್ಟ್‌ಗೆ ಸಾಕೆಟ್ ಹಾಕಿ ನಿಧಾನಕ್ಕೆ ತಿರುಗಿಸುವ ಕೆಲಸ. ಕಾಲು ಸುತ್ತು, ನಿಲ್ಲಿಸು, ಸ್ವಲ್ಪ ಕಾಯು, ಮತ್ತೆ ಕಾಲು ಸುತ್ತು. ಕ್ರ್ಯಾಂಕ್, ಕ್ಯಾಮ್‌ಗಳಲ್ಲಿರುವ ಆಯಿಲ್ ತೂತುಗಳು ಎದುರುಬದುರು ಬಂದಾಗ ಮಾತ್ರ ದಾರಿ ಪೂರ್ತಿ ತೆರೆಯುವ ಕಡೆಗಳಿವೆ. ಎರಡು ಸುತ್ತು ಕ್ರ್ಯಾಂಕ್ ತಿರುಗಿದರೆ ಕ್ಯಾಮ್ ಒಂದು ಸುತ್ತು. ಹಾಗಾಗಿ ಕನಿಷ್ಠ ಎರಡು ಪೂರ್ತಿ ಸುತ್ತು ಬೇಕು. ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಮುಂದಿನಿಂದ ನೋಡಿದರೆ ಹೆಚ್ಚಿನವು ಗಡಿಯಾರದ ದಿಕ್ಕಿಗೆ ತಿರುಗುತ್ತವೆ, ಹಳೆಯ ಹೋಂಡಾ ಎಂಜಿನ್‌ಗಳಲ್ಲಿ ಬಹಳಷ್ಟು ಇದಕ್ಕೆ ಉಲ್ಟಾ.

ಹೆಡ್‌ಗೆ ಆಯಿಲ್ ಏರುವ ಕಡೆಯಿಂದ ಶುರುವಾಗಿ ಒಂದೊಂದೇ ರಾಕರ್ ಒದ್ದೆಯಾಗುತ್ತಾ ಬಂತು. ಕೊನೆಯದು ಸಾಕಷ್ಟು ಕಾಯಿಸಿತು. ಒಂದು ಟಾರ್ಚ್ ಹಿಡಿದು ಪ್ರತಿಯೊಂದನ್ನೂ ನೋಡಿದೆ, ಒಣಗಿದ್ದು ಯಾವುದೂ ಉಳಿಯಲಿಲ್ಲ. ಹೆಡ್‌ಗೆ ಆಯಿಲ್ ಬರಲೇ ಇಲ್ಲ ಅಂದರೆ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಉಲ್ಟಾ ಕೂತು ಆಯಿಲ್ ತೂತು ಮುಚ್ಚಿರುವ ಸಾಧ್ಯತೆ ಇದೆ. ಅದು ಈ ಹಂತದಲ್ಲಿ ಗೊತ್ತಾದರೆ ಗ್ಯಾಸ್ಕೆಟ್ ಖರ್ಚು ಮಾತ್ರ. ಓಡಿಸಿದ ಮೇಲೆ ಗೊತ್ತಾದರೆ ಕ್ಯಾಮ್ ಕಥೆಯೂ ಮುಗಿದಿರುತ್ತದೆ.

ಒಂದು ಸೂಕ್ಷ್ಮ ಇದೆ. ಸ್ವಿಚ್ ಫಿಲ್ಟರ್ ಆದ ಮೇಲಿನ ದಾರಿಯಲ್ಲಿದ್ದರೆ, ಹೀಗೆ ಒತ್ತಿದ ಆಯಿಲ್ ಪಂಪ್‌ವರೆಗೆ ಹೋಗುವುದಿಲ್ಲ. ಫಿಲ್ಟರ್ ಒಳಗೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದಲ್ಲ, ಅದು ತಡೆಯುತ್ತದೆ. ಬೇರಿಂಗ್‌ಗಳೆಲ್ಲ ನೆನೆದಿದ್ದರೂ ಪಂಪ್ ಇನ್ನೂ ಆಯಿಲ್ ಎಳೆದಿಲ್ಲ. ಆದ್ದರಿಂದ ಸೆಲ್ಫ್ ಹೊಡೆಯುವುದನ್ನು ಪೂರ್ತಿ ಬಿಡುವ ಹಾಗಿಲ್ಲ. ಬೇರಿಂಗ್ ಒದ್ದೆಯಾದ ಮೇಲೆ ಹೊಡೆಯುವುದು, ಅಷ್ಟೇ ವ್ಯತ್ಯಾಸ.

ಸ್ವಿಚ್‌ನ ಅದೇ ತೂತಿಗೆ ಒತ್ತಡ ತೋರಿಸುವ ಮೆಕ್ಯಾನಿಕಲ್ ಗೇಜ್ ಹಾಕಿದೆ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಸ್ಪಾರ್ಕ್‌ಗೆ ಕರೆಂಟ್ ಕೊಡುವ ಕಾಯಿಲ್‌ಗೆ ಬರುವ ಕನೆಕ್ಟರ್ ಕಿತ್ತೆ. ಪ್ಲಗ್ ಇಲ್ಲದ್ದರಿಂದ ಕಂಪ್ರೆಷನ್ ಇಲ್ಲ, ಸೆಲ್ಫ್ ಸಲೀಸಾಗಿ ತಿರುಗುತ್ತದೆ, ಬೇರಿಂಗ್ ಮೇಲೂ ಭಾರ ಕಡಿಮೆ. ಹತ್ತು ಸೆಕೆಂಡ್ ಹೊಡೆದು ಸೆಲ್ಫ್ ಮೋಟರ್ ತಣ್ಣಗಾಗಲು ಬಿಡುತ್ತಿದ್ದೆ. ಮುಳ್ಳು ಮೊದಲು ನಡುಗಿತು, ಆಮೇಲೆ ಏರಿ ನಿಂತಿತು. ಏರದಿದ್ದರೆ ಸುಮ್ನೆ ಹೊಡೆಯುತ್ತಾ ಹೋಗಬಾರದು. ಚೇಂಬರ್‌ನಿಂದ ಪಂಪ್‌ಗೆ ಆಯಿಲ್ ತರುವ ಸ್ಟ್ರೈನರ್ ಪೈಪ್‌ನ ಓ-ರಿಂಗ್ (ರಬ್ಬರ್ ಬಳೆ) ಸರಿ ಕೂರದಿದ್ದರೆ, ತೂತು ಬಿದ್ದ ಸ್ಟ್ರಾದಲ್ಲಿ ನೀರು ಎಳೆದ ಹಾಗೆ ಪಂಪ್ ಗಾಳಿಯನ್ನೇ ಎಳೆಯುತ್ತದೆ. ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಬ್ಲಾಕ್ ತೊಳೆಯಲು ತೆಗೆದ ಗ್ಯಾಲರಿ ಪ್ಲಗ್ (ಆಯಿಲ್ ದಾರಿಯ ತುದಿಯ ಬಿರಡೆ) ಒಂದನ್ನು ಹಾಕದೇ ಬಿಟ್ಟಿರಬಹುದು.

ಡಿಪ್‌ಸ್ಟಿಕ್ ನೋಡಿ ಆಯಿಲ್ ಮಟ್ಟ ಸರಿ ಮಾಡಿದೆ. ಜಾಸ್ತಿಯಾದರೆ ಕ್ರ್ಯಾಂಕ್ ಅದನ್ನು ಬಡಿದು ನೊರೆ ಮಾಡುತ್ತದೆ. ಕೂಲಂಟ್, ಟೈಮಿಂಗ್, ಪೆಟ್ರೋಲ್ ಎಲ್ಲ ಸಿದ್ಧವಿದ್ದುದರಿಂದ ಎಂಜಿನ್ ಬೇಗ ಹತ್ತಿಕೊಂಡಿತು. ಕಣ್ಣು ಮೊದಲು ಹೋದದ್ದು ಗೇಜ್ ಕಡೆಗೆ. ತಣ್ಣಗಿರುವಾಗ ಒತ್ತಡ ಜಾಸ್ತಿ ತೋರಿಸಿ, ಬಿಸಿಯಾದಂತೆ ಇಳಿಯುವುದು ಸಹಜ. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಅನ್ನುವ ಹಳೆಯ ಲೆಕ್ಕ ಅಂದಾಜಿಗೆ ಸಾಕು, ಕೊನೆಯ ಮಾತು ಆ ಎಂಜಿನ್‌ನ ಮ್ಯಾನ್ಯುಯಲ್‌ನದ್ದೇ. ಹೈಡ್ರಾಲಿಕ್ ಟ್ಯಾಪೆಟ್ (ಕ್ಯಾಮ್‌ನ ಒತ್ತು ದಾಟಿಸುವ, ಒಳಗೆ ಆಯಿಲ್ ತುಂಬುವ ಭಾಗ) ಇದ್ದರೆ ಮೊದಲ ಕೆಲವು ನಿಮಿಷ ಟಕಟಕ ಅನ್ನಬಹುದು, ಒಳಗಿನ ಗಾಳಿ ಹೋದ ಮೇಲೆ ನಿಲ್ಲುತ್ತದೆ. ಕ್ಯಾಮ್ ಮೇಲೆ ಉಜ್ಜುತ್ತಾ ಸರಿಯುವ ಫ್ಲ್ಯಾಟ್ ಟ್ಯಾಪೆಟ್‌ನ ಹಳೆಯ ಪುಶ್‌ರಾಡ್ (ಸರಳಿನಿಂದ ರಾಕರ್ ತಳ್ಳುವ) ಎಂಜಿನ್‌ಗೆ ಹೊಸ ಕ್ಯಾಮ್ ಹಾಕಿದ್ದರೆ ಐಡಲ್‌ನಲ್ಲಿ ಬಿಡಬಾರದು. ಸವೆತ ತಡೆಯುವ ಝಿಂಕ್ ಜಾಸ್ತಿ ಇರುವ ಆಯಿಲ್ ಹಾಕಿ ಸುಮಾರು 20 ನಿಮಿಷ 2000–2500 ಆರ್‌ಪಿಎಂನಲ್ಲಿ ಓಡಿಸಬೇಕು. ನನ್ನದಕ್ಕೆ ಅದು ಬೇಕಿರಲಿಲ್ಲ.

ಆ ಮೊದಲ ಆಯಿಲನ್ನು ಬೇಗನೇ ಇಳಿಸಿ, ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ನೋಡಿದೆ. ಹೊಸ ಪಿಸ್ಟನ್ ರಿಂಗ್ ಕೂರುವಾಗ ಉದುರುವ ನವಿರಾದ ಬೂದು ಹೊಳಪು ಇತ್ತು, ಬಳಿದಿದ್ದ ಲ್ಯೂಬ್‌ನ ಅಂಟೂ ಇತ್ತು. ಬೇರಿಂಗ್ ಸವೆದರೆ ಬರುವ ತಾಮ್ರದ ಬಣ್ಣದ ಚೂರು ಕಾಣಲಿಲ್ಲ. ಹೊಸ ಫಿಲ್ಟರ್ ಹಾಕುವಾಗಲೂ ಆಯಿಲ್ ತುಂಬಿಸಿಯೇ ಹಾಕಿದೆ.