ಮೂರು ವಾರವಾದರೂ ನಿಲ್ಲಿ

ಪ್ರಯಾಣದ ನಡುವೆ ಎಲ್ಲಾದರೂ ಸ್ವಯಂಸೇವೆಗೆ ನಿಲ್ಲುವ ಮುನ್ನ ನಾನು ಮೊದಲು ಹಾಕುವುದು ದಿನಗಳ ಲೆಕ್ಕ. ಕೈಯಲ್ಲಿ ಮೂರು ವಾರ ಇಲ್ಲದಿದ್ದರೆ ಒಪ್ಪಿಕೊಳ್ಳುವುದಿಲ್ಲ, ಬರೀ ಪ್ರವಾಸಿಯಾಗಿ ಹೋಗಿಬರುತ್ತೇನೆ. ಮೊದಲ ವಾರ ಹೊಸಬರಿಂದ ಕೆಲಸ ಮುಂದೆ ಸಾಗುವುದಿಲ್ಲ, ಹಿಂದೆ ಬೀಳುತ್ತದೆ. ಯಾವುದು ಸಸಿ, ಯಾವುದು ಕಳೆ, ನೀರಿನ ವಾಲ್ವ್ ಎಲ್ಲಿದೆ, ಸಲಕರಣೆ ತೊಳೆದು ಎಲ್ಲಿಡಬೇಕು ಎಂದು ಹೇಳಿಕೊಡಲು ಅಲ್ಲಿಯವರೊಬ್ಬರು ತಮ್ಮ ಕೆಲಸ ಬಿಟ್ಟು ನಿಲ್ಲಬೇಕು. ಎರಡನೇ ವಾರ ಕೊಟ್ಟಿದ್ದಕ್ಕೂ ಪಡೆದಿದ್ದಕ್ಕೂ ಸರಿಹೋಗುತ್ತದೆ. ಅವರಿಗೆ ನಮ್ಮಿಂದ ನಿಜವಾದ ಪ್ರಯೋಜನ ಶುರುವಾಗುವುದೇ ಮೂರನೇ ವಾರದಲ್ಲಿ.

ಊಟ, ವಸತಿಗೆ ಬದಲಾಗಿ ದುಡಿಮೆ ಎಂಬ ಏರ್ಪಾಡು ಹೊಸದೇನಲ್ಲ. ಸಾವಯವ ತೋಟಗಳಲ್ಲಿ ದುಡಿಯುವವರ ಜಾಲ 'ವೂಫ್' 1971ರಲ್ಲಿ ಇಂಗ್ಲೆಂಡಿನಲ್ಲಿ ವಾರಾಂತ್ಯದ ಕೆಲಸವಾಗಿ ಶುರುವಾಯಿತು. ಅದಕ್ಕೂ ಮೊದಲು, 1920ರಲ್ಲೇ, ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಬೇರೆ ಬೇರೆ ದೇಶದವರು ಸೇರಿದ್ದರು. ತೋಟಗಳಲ್ಲಿ ಈಗ ರೂಢಿಯಲ್ಲಿರುವುದು ದಿನಕ್ಕೆ ನಾಲ್ಕರಿಂದ ಆರು ಗಂಟೆ, ವಾರಕ್ಕೆ ಐದು ದಿನ. ಅದಕ್ಕಿಂತ ಹೆಚ್ಚು ಕೇಳುವ ಜಾಗಕ್ಕೆ ಬೇಕಿರುವುದು ಸ್ವಯಂಸೇವಕರಲ್ಲ, ಸಂಬಳದ ಆಳು. ಅಲ್ಲಿ ಹೋಗಿ ಪುಕ್ಕಟೆ ದುಡಿದರೆ ಆ ಊರಿನ ಯಾರದೋ ಕೂಲಿ ಕಿತ್ತುಕೊಂಡ ಹಾಗೆ.

ಹೋಗುವ ಮೊದಲು ಬರೆಯುವ ಪತ್ರದಲ್ಲಿ ಇಷ್ಟು ಕೇಳುತ್ತೇನೆ. ದಿನಕ್ಕೆ ಎಷ್ಟು ಗಂಟೆ, ಎಷ್ಟು ಹೊತ್ತಿಗೆ ಶುರು? ಮಲಗುವ ಕೋಣೆಯಲ್ಲಿ ಎಷ್ಟು ಜನ, ಒಳಗಿನಿಂದ ಚಿಲಕ ಇದೆಯೇ? ರಜೆಯ ದಿನವೂ ಊಟ ಇದೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ನಾನು ಬರದಿದ್ದರೆ ಈ ಕೆಲಸ ಯಾರು ಮಾಡುತ್ತಿದ್ದರು? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಜಾಗದ ಗುಣ ತಿಳಿಯುತ್ತದೆ. ಹಿಂದೆ ಅಲ್ಲಿ ನಿಂತವರಿಬ್ಬರ ಸಂಪರ್ಕವನ್ನೂ ಕೇಳುತ್ತೇನೆ. ಕೊಡಲು ಹಿಂದೇಟು ಹಾಕಿದರೆ ಆ ಜಾಗ ಬಿಟ್ಟೆ.

ಹೆಚ್ಚಿನವರು ಎಡವುವುದು ವೀಸಾದಲ್ಲಿ. ಸಂಬಳ ಇಲ್ಲವಲ್ಲ, ಪ್ರವಾಸಿ ವೀಸಾ ಸಾಕು ಅಂದುಕೊಳ್ಳುತ್ತಾರೆ. ಆದರೆ ಊಟ, ವಸತಿಗೆ ಬದಲಾಗಿ ಮಾಡುವ ಕೆಲಸವನ್ನೂ ಅನೇಕ ದೇಶಗಳು ಉದ್ಯೋಗವೆಂದೇ ಎಣಿಸುತ್ತವೆ, ಗಡಿಯಿಂದಲೇ ವಾಪಸ್ ಕಳಿಸುವುದೂ ಉಂಟು. ಆ ದೇಶದ ರಾಯಭಾರ ಕಚೇರಿಗೆ ಬರೆದು, ಉತ್ತರವನ್ನು ಬರಹದಲ್ಲೇ ಪಡೆದು ಜೊತೆಗಿಟ್ಟುಕೊಳ್ಳಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ಕಳೆದಿದ್ದರೆ ಹೊರಡುವ ಮುನ್ನ ಹಾಕಿಸಿಕೊಳ್ಳಿ. ಪ್ರಾಣಿಗಳ ನಡುವೆ ಕೆಲಸವಾದರೆ ರೇಬೀಸ್ ಚುಚ್ಚುಮದ್ದೂ ಬೇಕು. ಅದಾದ ಮೇಲೂ, ಕಚ್ಚಿದರೆ ಗಾಯವನ್ನು ಸೋಪುನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಅನಾಥಾಲಯದಲ್ಲಿ ಮಕ್ಕಳೊಂದಿಗೆ ಒಂದೆರಡು ವಾರ ಕಳೆಯುವ ಕೆಲಸವನ್ನು ಮಾತ್ರ ಯಾರೂ ಒಪ್ಪಿಕೊಳ್ಳಬೇಡಿ. ಹಚ್ಚಿಕೊಂಡವರು ಬಿಟ್ಟುಹೋಗುವುದನ್ನು ಆ ಮಕ್ಕಳು ಮತ್ತೆ ಮತ್ತೆ ಅನುಭವಿಸುತ್ತಾರೆ. ಬರುವವರ ಹಣಕ್ಕಾಗಿಯೇ ತಂದೆತಾಯಿ ಇರುವ ಮಕ್ಕಳನ್ನು ತಂದು ತುಂಬುವ ಜಾಗಗಳಿವೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ತನ್ನ ನಿರ್ಣಯವೊಂದರಲ್ಲಿ ಈ ಬಗೆಯ ಸ್ವಯಂಸೇವೆಯಿಂದಾಗುವ ಹಾನಿಯನ್ನು ತಡೆಯಿರಿ ಎಂದು ದೇಶಗಳಿಗೆ ಹೇಳಿತು.

ಇನ್ನು ಕೆಲಸ. ಗುದ್ದಲಿ ಹಿಡಿದ ಮೊದಲ ದಿನ ಹೊಸಬರು ಹಿಡಿಯನ್ನು ಹಿಸುಕಿ ಹಿಡಿಯುತ್ತಾರೆ. ಅರ್ಧ ಗಂಟೆಯಲ್ಲಿ ಉಂಗುರದ ಬೆರಳಿನ ಬುಡದಲ್ಲಿ ಚರ್ಮ ಕೆಂಪಾಗಿ ಬಿಸಿಯಾಗುತ್ತದೆ, ಒಂದು ಗಂಟೆಗೆ ಬೊಬ್ಬೆ ಏಳುತ್ತದೆ. ಬಿಸಿ ಅನ್ನಿಸಿದ ಕೂಡಲೇ ನಿಲ್ಲಿಸಿ ಬಟ್ಟೆಯ ಪಟ್ಟಿ ಸುತ್ತಬೇಕು. ಬೊಬ್ಬೆ ಎದ್ದರೆ ಒಡೆಯಬಾರದು, ಒಳಗೆ ಮಣ್ಣು ಸೇರಿ ಕೀವಾಗುತ್ತದೆ. ಹಿಡಿತ ಸಡಿಲವಿರಲಿ. ಗುದ್ದಲಿ ತನ್ನ ಭಾರಕ್ಕೇ ಬೀಳಲಿ, ಎತ್ತುವುದಷ್ಟೇ ನಮ್ಮ ಕೆಲಸ. ಹತ್ತು ನಿಮಿಷಕ್ಕೊಮ್ಮೆ ಮೇಲಿನ ಕೈ ಕೆಳಗೆ, ಕೆಳಗಿನ ಕೈ ಮೇಲೆ ಬದಲಿಸಿದರೆ ಸೊಂಟವೂ ಉಳಿಯುತ್ತದೆ. ಮೊದಲ ಮೂರು ದಿನ 'ಹೀಗೆ ಮಾಡಿದರೆ ಬೇಗ ಆಗುತ್ತದಲ್ಲ' ಎಂಬ ಸಲಹೆಯನ್ನು ಬಾಯಿಗೆ ತರಬೇಡಿ. ವಿಚಿತ್ರವಾಗಿ ಕಾಣುವ ಕ್ರಮದ ಹಿಂದೆ ಮಣ್ಣಿನದೋ, ಗಾಳಿಯದೋ, ಹಳೆಯ ನಷ್ಟದ್ದೋ ಕಾರಣ ಇರುತ್ತದೆ. ಕೇಳಿದರೆ ಹೇಳುತ್ತಾರೆ.

ಪ್ರಯಾಣಿಕರು ಬದಲಾಗುವುದು ಇಲ್ಲೇ: ದಿನವಿಡೀ ಹೇಳಿಸಿಕೊಂಡು, ತಿದ್ದಿಸಿಕೊಂಡು, ಮರುದಿನ ಅದೇ ಸಾಲಿಗೆ ಹೋಗಿ ನಿಲ್ಲುವಾಗ. ಆಮೇಲೆ ಬಸ್ಸಿನ ಕಿಟಕಿಯಲ್ಲಿ ಹೊಲ ಕಂಡರೆ ಬರೀ ಹಸಿರು ಕಾಣುವುದಿಲ್ಲ. ಸಾಲು ಎಷ್ಟಿದೆ, ಬಗ್ಗಿ ನಿಂತವರು ಎಷ್ಟು ಜನ, ಕತ್ತಲಾಗುವುದರೊಳಗೆ ಮುಗಿಯುತ್ತದೆಯೇ ಎಂದು ಕಣ್ಣು ತಾನಾಗಿ ಎಣಿಸುತ್ತದೆ. ಮುಂದಿನ ಪ್ರಯಾಣದ ತಾರೀಖನ್ನು ನಾಟಿ, ಕೊಯ್ಲು ನೋಡಿ ಗೊತ್ತುಮಾಡುವ ಅಭ್ಯಾಸವಾಗುತ್ತದೆ.

ಹೊರಡುವ ಎರಡು ದಿನ ಮೊದಲು ಒಂದು ನೋಟುಪುಸ್ತಕದಲ್ಲಿ ಎಲ್ಲವನ್ನೂ ಬರೆದಿಡಿ. ಯಾವ ಮಡಿಗೆ ಯಾವ ದಿನ ನೀರು ಬಿಟ್ಟಿದ್ದು, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಯಾವ ಸಲಕರಣೆಯ ಹಿಡಿ ಸಡಿಲವಾಗಿದೆ, ನಾನು ಮಾಡಿದ ತಪ್ಪು ಯಾವುದು. ಕೊನೆಯದನ್ನು ಯಾರೂ ಬರೆಯುವುದಿಲ್ಲ, ಮುಂದೆ ಬರುವವರಿಗೆ ಹೆಚ್ಚು ಬೇಕಾಗುವುದು ಅದೇ. ಪುಸ್ತಕವನ್ನು ಸಲಕರಣೆ ಇಡುವ ಕೋಣೆಯಲ್ಲಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಬನ್ನಿ.