ಒಕ್ಕದ ಹೆಸರೆಲ್ಲ ಬಾಯಿಪಾಠ, ಅತ್ತೆಯ ಕಾಯಿಲೆ ಮಾತ್ರ ಯಾರಿಗೂ ಗೊತ್ತಿಲ್ಲ

ಕ್ಯಾನ್ಸರ್ ಬಂದವರ ಮನೆಯವರಿಗೆ ಜೀನ್ ಪರೀಕ್ಷೆಯ ಬಗ್ಗೆ ತಿಳಿಸಿ ಹೇಳುವುದು ನನ್ನ ಕೆಲಸ. ಮಡಿಕೇರಿ, ವಿರಾಜಪೇಟೆ ಕಡೆಯ ಕುಟುಂಬಗಳೇ ಜಾಸ್ತಿ. ಪರೀಕ್ಷೆಗೆ ಬೇಕಾದ್ದು ಸ್ವಲ್ಪ ರಕ್ತ, ಅಷ್ಟೇ. ಕೊಡಬೇಕೋ ಬೇಡವೋ ಅನ್ನೋದನ್ನು ಮಾತ್ರ ಇಡೀ ಮನೆ ಸೇರಿ ತೀರ್ಮಾನಿಸುತ್ತದೆ.

ಮೊದಲು ವಂಶವೃಕ್ಷ ಬರೆಯುತ್ತೇನೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕೊಡವರ ಮನೆಯವರು ಬಂದರೆ ಚೌಕಗಳು ಬೇಗ ತುಂಬುತ್ತವೆ. ಮದುವೆಯಾಗಿ ಬೇರೆ ಒಕ್ಕಕ್ಕೆ, ಅಂದರೆ ಬೇರೆ ಮನೆತನಕ್ಕೆ, ಹೋದ ಹೆಣ್ಣುಮಕ್ಕಳ ವಿಷಯ ಬಂದಾಗ ಪೆನ್ನು ನಿಲ್ಲುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದ ಮಗಳನ್ನು ಕರೆತಂದ ಹಿರಿಯರೊಬ್ಬರು, “ನಮ್ಮ ಒಕ್ಕದಲ್ಲಿ ಈ ಕಾಯಿಲೆ ಇಲ್ಲ ಮೇಡಂ” ಅಂದರು. ಮಗಳು ಮೆಲ್ಲಗೆ, “ಗೋಣಿಕೊಪ್ಪದ ಸೋದರತ್ತೆ ಹೊಟ್ಟೇಲಿ ನೀರು ತುಂಬಿ ತೀರಿಕೊಂಡರಲ್ವಾ ಅಪ್ಪಾ?” ಅಂದಳು. ಅಂಡಾಶಯದ ಕ್ಯಾನ್ಸರ್‌ನಲ್ಲೂ ಹಾಗೆ ನೀರು ತುಂಬುತ್ತದೆ. ಅತ್ತೆಯ ಹಳೆಯ ಆಸ್ಪತ್ರೆ ಚೀಟಿ ಇದ್ದರೆ ತರಿಸಿ ಅಂದೆ.

ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ 1 ಮತ್ತು 2 ಜೀನ್‌ಗಳು ಪತ್ತೆಯಾಗಿದ್ದು 1994, 1995ರಲ್ಲಿ. ಇವುಗಳ ದೋಷ ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ. ಇಬ್ಬರಲ್ಲಿ ಒಬ್ಬರಿಗೆ ದೋಷವಿದ್ದರೆ, ಅದು ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ದೋಷವಿರುವ ಹೆಂಗಸರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ 70. ಹೆಂಗಸರ ಕಾಯಿಲೆ ಗಂಡಸರ ಕಡೆಯಿಂದ ಹೇಗೆ ಬರುತ್ತೆ ಅಂತ ಕೇಳುವವರೇ ಹೆಚ್ಚು. ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರೆ ಅರ್ಥವಾಗುತ್ತದೆ.

ನಿಜವಾದ ಅಡ್ಡಿ ಮದುವೆ. “ತಂಗಿ ಮದುವೆ ಮುಗೀಲಿ, ಆಮೇಲೆ ನೋಡೋಣ” ಅನ್ನುತ್ತಾರೆ. ಆ ಭಯ ಸುಳ್ಳಲ್ಲ. ಚಿಕ್ಕ ಜಿಲ್ಲೆ, ಎಲ್ಲರಿಗೂ ಎಲ್ಲರ ಸಂಬಂಧ ಗೊತ್ತು. ನಾನು ಒತ್ತಾಯ ಮಾಡುವುದಿಲ್ಲ. ದೋಷ ಇದ್ದ ಹೆಂಗಸರಿಗೆ 25ನೇ ವಯಸ್ಸಿನಿಂದಲೇ ಸ್ತನದ ಎಂಆರ್‌ಐ ತಪಾಸಣೆ ಶುರುಮಾಡುತ್ತೇವೆ, ಕಾದಷ್ಟೂ ಆ ವರ್ಷಗಳು ಹೋಗುತ್ತವೆ ಅಂತ ಹೇಳುತ್ತೇನೆ. ರಿಪೋರ್ಟ್ ಯಾರ ಕೈಗೆ ಕೊಡಬೇಕು ಅಂತ ಹುಡುಗಿಯನ್ನೇ ಕೇಳುತ್ತೇನೆ. ಅವಳು ಬೇಡ ಅಂದರೆ ಅಪ್ಪನಿಗೂ ಕೊಡುವುದಿಲ್ಲ.

ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವವರ ಕಷ್ಟ ಬೇರೆ. ಒಂದು ದಿನ ಆಸ್ಪತ್ರೆಗೆ ಬಂದರೆ ಆ ದಿನದ ಕೂಲಿ ಹೋಯಿತು. ಅವರಿಗೆ ಮನಸ್ಸಿಲ್ಲ ಅನ್ನೋರ ಮೇಲೆ ನನಗೆ ಸಿಟ್ಟು ಬರುತ್ತದೆ.

ಮೊದಲು ಕ್ಯಾನ್ಸರ್ ಆದವರಿಗೇ ಪರೀಕ್ಷೆ ಮಾಡಿಸುತ್ತೇನೆ. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಕಡಿಮೆ. ಅವರು ಒಪ್ಪಿದರೆ, ಸಂಬಂಧಿಕರಿಗೆ ತೋರಿಸಲು ಒಂದು ಪತ್ರ ಬರೆದುಕೊಡುತ್ತೇನೆ. ನನ್ನ ಮಾತಿಗಿಂತ, ಕಾಯಿಲೆ ಗೆದ್ದ ದೊಡ್ಡಮ್ಮನ ಒಂದು ಫೋನಿಗೆ ಬಂದವರೇ ಜಾಸ್ತಿ. ಅದಕ್ಕೇ ಪತ್ರವನ್ನು ಅವರ ಕೈಗೇ ಕೊಟ್ಟು, ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳಿಗೂ ತಲುಪಿಸಿ ಅಂತ ಕೇಳಿಕೊಳ್ಳುತ್ತೇನೆ.